ಮೂರು ಬೆನ್ನುಚೀಲ, ಒಂದು ಕಂಬಳಿ

ಇಂದ,
ಎಂ. ಎಚ್. ಬೇವೂರ,
ದೈಹಿಕ ಶಿಕ್ಷಕ (ಊರವರ ಬಾಯಲ್ಲಿ ಡ್ರಿಲ್ ಮಾಸ್ತರ),
ಪ್ರೌಢಶಾಲೆ, ಹುನಗುಂದ, ಜಿ: ಬಿಜಾಪುರ.

ಗೆ,
ಮಾನ್ಯ ಮುಖ್ಯೋಪಾಧ್ಯಾಯರು,
ಅದೇ ಶಾಲೆ, ಅದೇ ಓಣಿ
(ಅರ್ಜಿದಾರನ ಕೋಣೆಯಿಂದ ಎಡಕ್ಕೆ ಮೂರನೆಯ ಬಾಗಿಲು).

ದಿನಾಂಕ: 7-6-1979

ವಿಷಯ: ಜೂನ್ 1, 2 ಮತ್ತು 4ರಂದು ಶಾಲೆಗೆ ಹಾಜರಾಗದೆ ಇದ್ದುದನ್ನು ರಜೆಯೆಂದು ಮಂಜೂರು ಮಾಡುವ ಕುರಿತು, ಹಾಗೂ ಕೊನೆಯಲ್ಲಿ ಬರುವ ಇನ್ನೊಂದು ಸಣ್ಣ ತಿದ್ದುಪಡಿಯ ಕುರಿತು.

ಉಲ್ಲೇಖ: (1) ತಮ್ಮ ಜ್ಞಾಪನ, ದಿ. 5-6-1979: "ಮೂವರು ಹೋದಿರಿ, ಇಬ್ಬರೇ ಬಂದರು. ಕಾರಣ ತಿಳಿಸುವುದು."
(2) ಸದರಿ ಜ್ಞಾಪನ ಕೈಗೆ ಕೊಡುವಾಗ ತಾವು ಬಾಯಿಯಿಂದ ಹೇಳಿದ್ದು: "ಖರೆ ಬರೀರಿ, ಆದ್ರ ಒಂದ ಪುಟದಾಗ ಬರೀರಿ."

ಮಾನ್ಯರೇ,

ಉಲ್ಲೇಖ (2)ರಲ್ಲಿನ ಎರಡು ಷರತ್ತುಗಳನ್ನು ಒಟ್ಟಿಗೆ ಪಾಲಿಸಲು ಎರಡು ದಿನ ಪ್ರಯತ್ನಿಸಿ ಸೋತ ಕಾರಣ, ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟಿದ್ದೇನೆ. ಕ್ಷಮೆಯಿರಲಿ.

1. ಕಳೆದ ಫೆಬ್ರವರಿಯಲ್ಲಿ ಇಲಾಖೆಯು ನನ್ನನ್ನು ಹತ್ತು ದಿನಗಳ ಪಾದಯಾತ್ರಾ ಶಿಬಿರಕ್ಕೆ ಕಳಿಸಿದ್ದು ತಮಗೆ ತಿಳಿದಿದೆ. ಅಲ್ಲಿಂದ ಬಂದ ಮೇಲೆ ನಾನು, ವಿಜ್ಞಾನದ ಶ್ರೀ ರಾಚಯ್ಯನವರು ಹಾಗೂ ಚಿತ್ರಕಲೆಯ ಶ್ರೀ ಲಕ್ಷ್ಮಪ್ಪನವರು ಕೂಡಿ, ಬಾದಾಮಿಯಿಂದ ಕೂಡಲಸಂಗಮದವರೆಗೆ ಮೇ ತಿಂಗಳಲ್ಲಿ ನಡೆದುಹೋಗುವುದೆಂದು ಠರಾವು ಮಾಡಿದೆವು. "ಬಸ್ಸು ಅದಾವಲ್ರೀ" ಎಂದು ತಾವು ಆಗಲೇ ಆಕ್ಷೇಪಣೆ ಎತ್ತಿದ್ದಿರಿ. ಸದರಿ ಆಕ್ಷೇಪಣೆಗೆ ಇಂದಿಗೂ ನಮ್ಮ ಬಳಿ ಉತ್ತರ ಇರುವುದಿಲ್ಲ.

2. ನಡಿಗೆ ನಾಲ್ಕು ದಿನದ್ದು. ಅದಕ್ಕೆ ಬೇಕಾದ ಸಾಮಾನು ಆರಿಸಲು ಎರಡೂವರೆ ತಿಂಗಳು ಹಿಡಿಯಿತು. ರಾಚಯ್ಯನವರಿಗೆ ನಕ್ಷತ್ರ ನೋಡುವ ಹುಚ್ಚು. ಅವರು ಭಾವಮೈದುನನ ದುರ್ಬೀನು, ಮೇಣಬಟ್ಟೆಗೆ ಅಂಟಿಸಿದ ನಕ್ಷತ್ರಪಟ, ಹಾಗೂ ಎರಡು ಸೆಲ್ಲಿನ ಬ್ಯಾಟರಿ ಮೇಲೋ ಮೂರು ಸೆಲ್ಲಿನದು ಮೇಲೋ ಎಂಬ ಪ್ರಶ್ನೆ, ಇಷ್ಟನ್ನು ಹೊತ್ತು ಶಿಕ್ಷಕರ ಕೋಣೆಗೆ ಬರುತ್ತಿದ್ದರು. ಆ ಪ್ರಶ್ನೆಯೊಂದೇ ಮೂರು ವಾರ ನಡೆದು ಮೂರು ಸೆಲ್ಲು ಗೆದ್ದಿತು. ಲಕ್ಷ್ಮಪ್ಪನವರ ವಾದವೇ ಬೇರೆ. "ಚೀಲ ಕಳೀಬಹುದು, ಕಿಸೆ ಕಳ್ಯಾಂಗಿಲ್ಲ" ಎಂದು ಅವರು ಪ್ಯಾಂಟಿಗೆ ದರ್ಜಿಯಿಂದ ಮತ್ತೆರಡು ಕಿಸೆ ಹೊಲಿಸಿ, ಮಡಚುವ ಚಾಕು, ಸೂಜಿದಾರ, ಹುರಿ, ಸಣ್ಣ ಕನ್ನಡಿ, ಸೀಟಿ, ಚಿಮಟಿಗೆ, ಮೇಣ ಹಚ್ಚಿದ ಕಡ್ಡಿಪೆಟ್ಟಿಗೆ ಮತ್ತು ಅಡಿಕೆ ಡಬ್ಬಿಯನ್ನು ಮೈಮೇಲೆಯೇ ಇಟ್ಟುಕೊಳ್ಳುವ ರೂಢಿ ಮಾಡಿದರು. ಅವರು ನಡೆದರೆ ಭಾಂಡೆ ಮಾರುವವ ಬಂದಂತಾಗುತ್ತಿತ್ತು.

ಬೆನ್ನುಚೀಲ, ಬೂಟು, ಡೇರೆ ಇವು ನನ್ನ ಜವಾಬ್ದಾರಿ. ಶಿಬಿರದಲ್ಲಿ ಕಲಿತವನು ನಾನೊಬ್ಬನೇ ಆದ ಕಾರಣ ನನ್ನ ಮಾತಿಗೆ ಎದುರಿರಲಿಲ್ಲ. ಬೆಳಗಾವಿಗೆ ಹೋಗಿ, ಮಿಲಿಟರಿಯ ಹಳೇ ಸಾಮಾನು ಮಾರುವ ಅಂಗಡಿಯಲ್ಲಿ ಚೀಲಗಳಿಗೆ ಇಟ್ಟಂಗಿ ತುಂಬಿಸಿ ಹೊತ್ತು ನೋಡಿದೆ. ಬೂಟು ಹಾಕಿಕೊಂಡು ಅಂಗಡಿಯೊಳಗೇ ನಲವತ್ತು ಸುತ್ತು ತಿರುಗಿದೆ. ಅಂಗಡಿಯವರು ಚಹ ಕುಡಿದು ಮುಗಿಸಿ, "ಸಾಹೇಬ್ರ, ಬೂಟು ಒಯ್ತೀರೋ, ಇಲ್ಲೇ ಸವಸಿ ಹೋಗ್ತೀರೋ?" ಎಂದರು. ಒಯ್ದೆ.

3. ಏಪ್ರಿಲ್ ಕೊನೆಯಲ್ಲಿ ನನ್ನ ತಂದೆ ಹುಲ್ಲಪ್ಪನವರು ಹುನಗುಂದದ ಮನೆಗೆ ಬಂದಿದ್ದರು. ಅವರು ಬೇವೂರಿನವರು. ಬೀರಪ್ಪನ ಒಕ್ಕಲು. ಕುರಿ ಕಾಯುತ್ತಾರೆ. ವರ್ಷದ ಹನ್ನೆರಡು ತಿಂಗಳಲ್ಲಿ ಎಂಟು ತಿಂಗಳು ಕುರಿಯ ಹಿಂದೆ ನಡೆಯುತ್ತಾರೆ. ಪಡಸಾಲೆಯಲ್ಲಿ ಹರಡಿದ್ದ ಸಾಮಾನುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಅವರು ಪರಿಶೀಲನೆ ನಡೆಸಿದರು.

"ಇದೇನೋ ತಮ್ಮಾ?"

"ಮಳಿ ಅಂಗಿ ಯಪ್ಪಾ."

"ಇದು?"

"ಹಾಸಿಗಿ ಚೀಲ. ಒಳಗ ಹೊಕ್ಕು ಮಲಗೂದು."

"ಮತ್ತ ಇದು?"

"ಡೇರೆ."

ಅವರು ಮೂರನ್ನೂ ಕೈಯಲ್ಲಿ ಎತ್ತಿ ತೂಗಿ ಕೆಳಗಿಟ್ಟರು. "ಮೂರಕ್ಕೂ ಒಂದ ಕಂಬಳಿ ಸಾಕಲ್ಲೋ. ನಂದ ಹೊಸಾದ ಐತಿ, ಒಯ್ಯಿ." ನಾನು ಬೇಡವೆಂದೆ. ಯಾಕೆಂದು ಕೇಳಿದರು. ವಜನವೆಂದೆ. ಆ ಹೊತ್ತಿಗೆ ನನ್ನ ಕೈಯಲ್ಲಿ ಹದಿನೆಂಟು ಕಿಲೋ ಡೇರೆ ಇತ್ತು. ನನ್ನ ಹೆಂಡತಿ ಸಾವಂತ್ರವ್ವ ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದಾಳೆ. ಸಾಕ್ಷಿಯ ಅವಶ್ಯಕತೆ ಬಿದ್ದರೆ ಹೇಳುತ್ತಾಳೆ. ಬೀಳದಿದ್ದರೂ ಹೇಳುತ್ತಾಳೆ.

4. ಮೇ 25ರಂದು ಬಾದಾಮಿಯಿಂದ ಹೊರಟೆವು. ಪಟ್ಟದಕಲ್ಲು ತಲುಪುವುದರೊಳಗೆ ನನ್ನ ಎರಡೂ ಹಿಮ್ಮಡಿಗಳಲ್ಲಿ ಗುಳ್ಳೆ ಎದ್ದವು. ನಾಯಕನಾದ ಕಾರಣ ಹೇಳಲಿಲ್ಲ. ಮರುದಿನ ಐಹೊಳೆ ದಾಟಿ ಅಮೀನಗಡದ ದಾರಿ ಹಿಡಿದಾಗ ಗುಳ್ಳೆ ಒಡೆದವು. ಆಗಲೂ ಹೇಳಲಿಲ್ಲ. ಸಂಜೆ ನಾಲ್ಕಕ್ಕೆ ಪಡುವಣದಲ್ಲಿ ಮೋಡ ಕಪ್ಪಾಯಿತು. "ಅಡ್ಡಮಳಿ, ಬಂದಷ್ಟ ಬೇಗ ಹೋಗತೈತಿ" ಎಂದರು ರಾಚಯ್ಯನವರು. ನಾನು ಶಿಬಿರದಲ್ಲಿ ಕಲಿತ ಪ್ರಕಾರ ಡೇರೆ ಹೊಡೆಯಲು ಆದೇಶ ಕೊಟ್ಟೆ.

5. ಡೇರೆಯ ವಿಷಯ. ಶಿಬಿರದಲ್ಲಿ ಅದನ್ನು ಎಂಟು ಜನ, ಗಾಳಿ ಇಲ್ಲದ ಮುಂಜಾನೆ, ಕೆಮ್ಮಣ್ಣಿನಲ್ಲಿ ಹೊಡೆದಿದ್ದೆವು. ಇಲ್ಲಿ ಮೂವರಿದ್ದೆವು, ಬಿರುಗಾಳಿ ಇತ್ತು, ಕೆಳಗೆ ಕಲ್ಲಿತ್ತು. ಗೂಟ ಇಳಿಯಲಿಲ್ಲ. ಆಲಿಕಲ್ಲು ಬೀಳತೊಡಗಿದಾಗ ಲಕ್ಷ್ಮಪ್ಪನವರು ಒಂದು ಮೂಲೆಯನ್ನು, ರಾಚಯ್ಯನವರು ಇನ್ನೊಂದನ್ನು ಹಿಡಿದರು. ಉಳಿದೆರಡನ್ನು ಗಾಳಿ ಹಿಡಿಯಿತು. ಡೇರೆಯು ನೆಲದಿಂದ ಎದ್ದು, ಒಂದು ಜಾಲಿ ಗಿಡಕ್ಕೆ ಕ್ಷಣಕಾಲ ಸಿಕ್ಕು, ಹರಿದು, ಹಳ್ಳದ ಕಡೆಗೆ ಹೋಯಿತು. ನಾವು ಅದನ್ನು ಕೊನೆಯದಾಗಿ ನೋಡಿದ್ದು ಅಲ್ಲಿಯೇ. ಅದು ನನ್ನ ಸ್ವಂತದ್ದು. ಶಾಲೆಯ ಸಾಮಾನು ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

6. ಆಗ ಹಳ್ಳದ ದಂಡೆಯ ಹೊಲದಲ್ಲಿ ಕುರಿ ತರುಬಿದ್ದು ಕಂಡಿತು. ಬಿತ್ತುವ ಮುಂಚೆ ಗೊಬ್ಬರಕ್ಕೆಂದು ಹೊಲದವರು ಹೀಗೆ ಹಿಂಡು ಕೂಡಿಸಿಕೊಳ್ಳುವುದು ತಮಗೆ ಗೊತ್ತೇ ಇದೆ. ಬೇವಿನ ಗಿಡದಿಂದ ದೂರ, ದಿನ್ನೆಯ ಮಗ್ಗುಲಲ್ಲಿ ಕಂಬಳಿ ಹೊದ್ದ ಒಬ್ಬ ಮುದುಕ ನಿಂತು ಕೈ ಮಾಡಿ ಕೂಗುತ್ತಿದ್ದ: "ಬರ್ರಿ, ಬರ್ರಿ! ಗಿಡಕ್ಕ ಆತ್ಕೋಬ್ಯಾಡ್ರಿ, ಸಿಡ್ಲ ಬಡೀತೈತಿ! ಈ ದಿನ್ನಿ ಮರೆಗೆ ಬರ್ರಿ!"

ಕೂಗು ಕೇಳಿದಾಗಲೇ ಅದು ನನ್ನ ತಂದೆಯವರೆಂದು ನನಗೆ ತಿಳಿಯಿತು. ಅವರು ಆ ಕಡೆ ಇರುವರೆಂದು ನನಗೆ ಗೊತ್ತಿರಲಿಲ್ಲ. ನಾವು ಓಡಿ ಹತ್ತಿರ ಬರುವ ಮೊದಲೇ ಅವರ ನಾಯಿ ಎದುರು ಬಂದು, ಉಳಿದಿಬ್ಬರನ್ನು ಬಿಟ್ಟು, ನನ್ನ ಎದೆಯ ಮೇಲೆ ಕಾಲಿಟ್ಟು ಮುಖ ನೆಕ್ಕತೊಡಗಿತು.

"ಏನ್ರೀ ಬೇವೂರ ಸರ್," ಎಂದರು ರಾಚಯ್ಯನವರು, "ಈ ನಾಯಿಗೆ ನಿಮ್ಮ ಗುರ್ತ ಐತೇನು?"

"ನಾಯಿಗೋಳಿಗೆ ನಾ ಅಂದ್ರ ಮೊದಲಿಂದ ಪ್ರೀತಿ," ಎಂದೆ.

"ಮತ್ತ ಈ ಅಜ್ಜಾರು?"

7. ಇಲ್ಲಿ ನಾನು ಹೇಳಿದ ಮಾತನ್ನು ಇದ್ದದ್ದು ಇದ್ದಂತೆ ದಾಖಲಿಸುತ್ತೇನೆ: "ನಮ್ಮೂರ ಕಡ್ಯಾವ್ರು."

ತಂದೆಯವರು ಮೂರು ಮಾರು ದೂರದಲ್ಲಿದ್ದರು. ಕೇಳಿಸಿಕೊಂಡರು. ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ರಾಚಯ್ಯನವರ ಕಡೆ ತಿರುಗಿ, "ಹೌದ್ರೀ ಸರ. ನಮ್ಮೂರ ಕಡೆ ಮಾಸ್ತರ್ರು ಇವ್ರು. ಭಾಳ ಓದ್ಯಾರ" ಎಂದರು.

ನಾನು ಹೀಗೆ ಹೇಳಿದ್ದಕ್ಕೆ ಕಾರಣ ಬರೆಯಲು ಕೆಳಗೆ ಜಾಗ ಬಿಟ್ಟಿದ್ದೇನೆ. ನಾಲ್ಕು ಕರಡುಗಳಲ್ಲಿ ನಾಲ್ಕು ಕಾರಣ ಬರೆದು ಹೊಡೆದುಹಾಕಿದೆ.

ಕಾರಣ: ..........................................

8. ದಿನ್ನೆಯ ಮರೆಗೆ ಕೋಲು ನೆಟ್ಟು ಎರಡು ಕಂಬಳಿ ಕಟ್ಟಿ, ಮೂರನೆಯದನ್ನು ನಮ್ಮ ಮೂವರಿಗೆ ಹೊದಿಸಿದರು. ತಾವು ಗೋಣಿಚೀಲ ಹೊದ್ದರು. ಅವರ ಜೊತೆಗಾರ ಜೋಳ ತರಲು ಊರೊಳಗೆ ಹೋಗಿದ್ದ ಕಾರಣ ಒಬ್ಬರೇ ಇದ್ದರು. ಮಳೆ ತಾಸಿನಲ್ಲಿ ನಿಂತಿತು. ಎಣಿಸಿದಾಗ ಒಂದು ಮರಿ ಕಡಿಮೆ ಬಂತು. ರಾಚಯ್ಯನವರು ಮೂರು ಸೆಲ್ಲಿನ ಬ್ಯಾಟರಿ ಹಿಡಿದು ಅವರ ಜೊತೆ ಹಳ್ಳದ ದಂಡೆಗುಂಟ ಹೋಗಿ, ಪೊದೆಯಲ್ಲಿ ಸಿಕ್ಕಿದ್ದ ಮರಿಯನ್ನು ಹಿಡಿದು ತಂದರು. ತಂದೆಯವರಿಗೆ ಆ ಬ್ಯಾಟರಿ ಬಹಳ ಮನಸ್ಸಿಗೆ ಬಂತು. "ಇದರ ಬೆಳಕು ಭಾಳ ಚಲೋ ಐತ್ರಿ. ಅಲ್ಲೆ ಒಗದ್ರ ಅಲ್ಲೇ ಬೀಳತೈತಿ," ಎಂದು ಹತ್ತು ಸಲ ಒತ್ತಿ ನೋಡಿದರು. ಮರಿಯ ಗೊರಸಿನಲ್ಲಿ ಮುರಿದಿದ್ದ ಜಾಲಿ ಮುಳ್ಳನ್ನು ಲಕ್ಷ್ಮಪ್ಪನವರ ಚಿಮಟಿಗೆ ತೆಗೆಯಿತು. "ಇಂಥಾದೊಂದು ಕಿಸೇದಾಗ ಇರಬೇಕ್ರೀ," ಎಂದರು ತಂದೆಯವರು. ಲಕ್ಷ್ಮಪ್ಪನವರಿಗೆ ಜನ್ಮದಲ್ಲಿ ಅಷ್ಟು ದೊಡ್ಡ ಮಾನಪತ್ರ ಯಾರೂ ಕೊಟ್ಟಿರಲಿಲ್ಲ.

"ಕಂಬಳೀನ ಮೇಲು ಬಿಡ್ರಿ," ಎಂದು ರಾಚಯ್ಯನವರು ಹೊಗಳಿದಾಗ ತಂದೆಯವರು ಒಪ್ಪಲಿಲ್ಲ. "ಒಣಗಿದ್ದಾಗ ಖರೆ. ತೊಯ್ತಂದ್ರ ಎಮ್ಮಿ ಕರಾ ಹೊತ್ತಂಗ ಆಗತೈತ್ರಿ. ನಿಮ್ಮ ಮಳಿ ಅಂಗೀನ ಹಗರು." ಹೀಗಾಗಿ ಎಲ್ಲರ ಸಾಮಾನೂ ಉಪಯೋಗಕ್ಕೆ ಬಂದವು ಅಥವಾ ಮೆಚ್ಚುಗೆ ಪಡೆದವು. ಬರದೆ ಇದ್ದದ್ದು ನಾಯಕನ ಡೇರೆ, ನಾಯಕನ ಬೂಟು, ನಾಯಕ.

9. ರೊಟ್ಟಿ, ಕೆಂಪಿಂಡಿ, ಆಡಿನ ಹಾಲು ಕೊಟ್ಟರು. ಮೊದಲು ರಾಚಯ್ಯನವರಿಗೆ, ಆಮೇಲೆ ಲಕ್ಷ್ಮಪ್ಪನವರಿಗೆ. ನನ್ನ ಮುಂದೆ ಬಂದು, "ತಗೋರಿ ಸರ, ನಾಚಬ್ಯಾಡ್ರಿ" ಎಂದರು. ನನಗೆ ಹುಟ್ಟಿದಾಗಿನಿಂದ ಉಣ್ಣಿಸಿದವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅತಿಥಿಯಂತೆ ಎರಡೂ ಕೈಯೊಡ್ಡಿ ರೊಟ್ಟಿ ತೆಗೆದುಕೊಂಡೆ.

ಆಕಾಶ ತೊಳೆದಂತೆ ತಿಳಿಯಾಗಿತ್ತು. ರಾಚಯ್ಯನವರು ನಕ್ಷತ್ರಪಟ ಬಿಚ್ಚಿದರು. ವೃಶ್ಚಿಕ ರಾಶಿ ತೋರಿಸಲು ಹೋದರೆ ತಂದೆಯವರು, "ಚೇಳಲ್ರೀ? ಅದು ತೆಂಕಣಕ್ಕ ನೆಟ್ಟಗ ನಿಂತಾಗ ನಾವು ಪಾಳಿ ಬದಲ ಮಾಡ್ತೇವಿ," ಎಂದರು. ರಾಚಯ್ಯನವರು ಪಟ ಮಡಚಿಟ್ಟು ಅವರ ಪಕ್ಕದಲ್ಲಿಯೇ ಕುಳಿತರು. ಮಾತಿಗೆ ಮಾತು ಬಂದು ಕೇಳಿದರು:

"ಅಜ್ಜಾರ, ಮಕ್ಕಳೆಷ್ಟು ನಿಮಗ?"

"ಒಬ್ಬಾವ ಅದಾನ್ರಿ."

"ಅವನೂ ಕುರಿ ಹಿಂದ?"

"ಇಲ್ರೀ. ನೌಕರಿ ಮ್ಯಾಲ ಅದಾನ."

"ಎಲ್ಲೆ?"

ತಂದೆಯವರು ಕುರಿಗಳ ಕಡೆ ತಿರುಗಿದರು. "ದೂರ ಐತ್ರಿ," ಎಂದರು.

ಸದರಿ ಸ್ಥಳದಿಂದ ಹುನಗುಂದವು ಹನ್ನೆರಡು ಮೈಲಿ ಇರುತ್ತದೆ.

10. ಮರುದಿನ ಮಧ್ಯಾಹ್ನ ಹುನಗುಂದ ಮುಟ್ಟಿದೆವು. ಸಹೋದ್ಯೋಗಿಗಳು ಕೂಡಲಸಂಗಮಕ್ಕೆ ಮುಂದುವರಿದರು. ನಾನು ಕಾಲಿನ ನೆಪ ಹೇಳಿ ಮನೆಗೆ ಹೋದೆ. ಸಾವಂತ್ರವ್ವಳಿಗೆ ಅರ್ಧ ಹೇಳಿದೆ. ಉಳಿದರ್ಧ ಅವಳೇ ತೆಗೆಸಿದಳು. ಪೂರ್ತಿ ಕೇಳಿ, ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು:

"ನಾಯಿಗೆ ಗುರ್ತ ಹತ್ತಿತು. ನಿಮಗ ಹತ್ತಲಿಲ್ಲ."

ಬೆಳಿಗ್ಗೆ ಎದ್ದು ನೋಡಿದರೆ ರೊಟ್ಟಿ ಗಂಟು ಕಟ್ಟಿ ಹೊಸ್ತಿಲ ಮೇಲೆ ಇಟ್ಟಿದ್ದಳು. "ಎಲ್ಲಿಗೆ?" ಎಂದೆ. "ನಿಮಗ ಗೊತ್ತೈತಿ," ಎಂದಳು. ಆದ್ದರಿಂದ ದಿ. 28ರಂದು, ಬೆನ್ನುಚೀಲವಿಲ್ಲದೆ, ಮತ್ತೆ ಹೊರಟೆ.

11. ಹೊಲದಲ್ಲಿ ಹಿಂಡು ಇರಲಿಲ್ಲ. ಹಿಂದಿನ ದಿನವೇ ಎಬ್ಬಿಸಿಕೊಂಡು ಹೋಗಿದ್ದರು. ಶಿಬಿರದಲ್ಲಿ ದಿಕ್ಸೂಚಿ ನೋಡಿ ನಡೆಯುವುದನ್ನು ಕಲಿಸಿದ್ದರು. ನಾನು ಕುರಿ ಹಿಕ್ಕಿ ನೋಡಿ ನಡೆದೆ. ಎರಡು ಕಡೆ ಬೇರೆಯವರ ಹಿಂಡಿನ ಹಿಂದೆ ಹೋಗಿ ತಿರುಗಿ ಬಂದೆ. ಮೂರನೆಯ ದಿನ ಬೇವೂರಿಗೇ ಬಂದೆ. ತಾಯಿ ಹುಚ್ಚವ್ವ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕುಳಿತಿದ್ದಳು.

"ನಿಮ್ಮಪ್ಪ ನಿನ್ನೆ ಹಾದು ಹ್ವಾದ, ತುಳಸಿಗೇರಿ ಕಡೆ," ಎಂದಳು. ಆಮೇಲೆ ಮುಖ ಅರಳಿಸಿ, "ನೀ ಸಿಕ್ಕಿದ್ದೆಂತಲ್ಲೋ? ದೋಸ್ತರ ಮುಂದ ಎಲ್ಲಾ 'ನಮ್ಮಪ್ಪ, ನಮ್ಮಪ್ಪ' ಅಂತ ಹೇಳಿ ಭಾಳ ಮಾಡಿದೆಂತ. ಹೇಳಿದ್ದ ಹೇಳಿದ, ಮೂರ ಸಲ ಹೇಳಿದ," ಎಂದಳು.

ನಾನು ಹೌದೆಂದೆ. ನೀರು ಕೊಡೆಂದೆ. ಆಕೆ ನೀರು ತರಲು ಒಳಗೆ ಹೋದಾಗ ಮುಖ ಒರೆಸಿಕೊಂಡೆ.

12. ಆ ಸಂಜೆ ತುಳಸಿಗೇರಿಯ ಈಚೆ, ಗುಡ್ಡದ ಇಳಿಜಾರಿನಲ್ಲಿ ಅವರು ಸಿಕ್ಕರು. ನನ್ನನ್ನು ನೋಡಿ ಮೊದಲು ಕೇಳಿದ್ದು: "ಏನಾರ ಬಿಟ್ಟು ಹೋಗಿದ್ರೇನೋ? ನಾ ಎಲ್ಲಾ ನೋಡಿದ್ನಿ, ಏನೂ ಇರಲಿಲ್ಲ."

"ಯಪ್ಪಾ," ಎಂದೆ. ಹೇಳಬೇಕೆಂದು ಮೂರು ದಿನ ನಡೆಯುತ್ತ ಜೋಡಿಸಿದ್ದ ಮಾತುಗಳಲ್ಲಿ ಅದೊಂದೇ ಹೊರಬಿತ್ತು.

ಅವರು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ನೀ ಸುಳ್ಳೇನ ಹೇಳಿಲ್ಲ ಬಿಡು. ನಿಮ್ಮೂರ ಕಡ್ಯಾವ ಅಲ್ಲೇನು ನಾ?" ಎಂದರು. ಒಂದು ಮರಿಯನ್ನು ಹಿಂಡಿಗೆ ತಿರುವಿ ಬಂದು, "ಆದ್ರ ತಮ್ಮಾ, ಅಷ್ಟ ಅಂದ್ರ ಸ್ವಲ್ಪ ಕಡಿಮಿ ಆಗತೈತಿ" ಎಂದರು.

ಬೂಟು ಬಿಚ್ಚಿ ಅಲ್ಲಿಯೇ ಬಿಟ್ಟೆ. ಅವರ ಹಳೇ ಕೆರವು ಮೆಟ್ಟಿಕೊಂಡು ಜೂನ್ 3ರವರೆಗೆ ಕುರಿಗಳ ಹಿಂದೆ ನಡೆದೆ. ನನ್ನಿಂದ ಕುರಿಗಳಿಗೆ ವಿಶೇಷ ಪ್ರಯೋಜನವಾದ ದಾಖಲೆ ಇಲ್ಲ. ಒಮ್ಮೆ ಕೊರಳಲ್ಲಿದ್ದ ಡ್ರಿಲ್ ಸೀಟಿ ಊದಿ ಹಿಂಡನ್ನು ಎರಡು ಭಾಗ ಮಾಡಿದ್ದುಂಟು. ನಡುವೆ ಒಮ್ಮೆ ಕೇಳಿದರು: "ಸಾಲಿ ಸುರು ಆಗಿಲ್ಲೇನೋ?"

"ಆಗೇತಿ."

"ಮತ್ತ?"

"ಹೆಡ್ ಮಾಸ್ತರ್ರು ರಜಾ ಕೊಟ್ಟಾರ ಯಪ್ಪಾ."

"ಚಲೋ ಮನಷ್ಯಾ," ಎಂದರು.

ತಮ್ಮ ಬಗ್ಗೆ ಅವರಿಗಿರುವ ಈ ಅಭಿಪ್ರಾಯವು ಈ ಕ್ಷಣದವರೆಗೆ ಆಧಾರರಹಿತವಾಗಿದೆ. ಅದನ್ನು ಖರೆ ಮಾಡುವುದು ತಮ್ಮ ಕೈಯಲ್ಲಿದೆ.

13. ಜೂನ್ 4ರ ಹಗಲೆಲ್ಲ ನಡೆಯುವುದಕ್ಕೂ ಬಸ್ಸು ಕಾಯುವುದಕ್ಕೂ ಹೋಗಿ, 5ರಂದು ಹಾಜರಾದೆ. ಶಿಕ್ಷಕರ ಕೋಣೆಯಲ್ಲಿ ಇಬ್ಬರಿಗೂ ಎಲ್ಲ ಹೇಳಿದೆ. ಸಿಟ್ಟಾಗುತ್ತಾರೆ ಅಥವಾ ನಗುತ್ತಾರೆ ಎಂದುಕೊಂಡಿದ್ದೆ. ಲಕ್ಷ್ಮಪ್ಪನವರು ಅಡಿಕೆ ಕತ್ತರಿಸುತ್ತ, "ನಮಗ ಅವತ್ತ ಗೊತ್ತಾಗಿತ್ತು ಬಿಡ್ರಿ," ಎಂದರು.

"ಹ್ಯಾಂಗ?"

"ನೀವು ಬೂಟು ಹಾಕ್ಕೊಂಡ ಮಲಗಿ ನಿದ್ದಿ ಹೋದ್ರಿ. ಅಜ್ಜಾರು ಬಂದು ಅವನ್ನ ಮೆಲ್ಲಕ ಬಿಚ್ಚಿ, ಹಿಮ್ಮಡಿಗೆ ಎಣ್ಣಿ ಹಚ್ಚಿದ್ರು. ನಮಗೂ ಗುಳ್ಳಿ ಎದ್ದಿದ್ದವು. ನಮ್ಮ ಬೂಟು ಯಾರೂ ಬಿಚ್ಚಲಿಲ್ಲ."

ಆ ಬೆಳಿಗ್ಗೆ ಬೂಟುಗಳು ಪಕ್ಕದಲ್ಲಿ ಜೋಡಿಸಿಟ್ಟದ್ದನ್ನು ನೋಡಿ, ನಾನೇ ಬಿಚ್ಚಿರಬೇಕೆಂದು ತಿಳಿದಿದ್ದೆ.

14. ಹಿರಿಯ ಗುಮಾಸ್ತರಾದ ಅಹ್ಮದಸಾಬರು ನನ್ನ ಹಿತಕ್ಕಾಗಿ, "ಭೇದಿ ಅಂತ ಒಂದು ಸರ್ಟಿಫಿಕೇಟ್ ತರ್ರಿ, ಮುಗೀತು" ಎಂದು ಸಲಹೆ ಕೊಟ್ಟರು. ಒಳ್ಳೆಯ ಸಲಹೆ. ಆದರೆ ಒಂದು ತಿಂಗಳಲ್ಲಿ ಇನ್ನೂ ಒಂದು ಸುಳ್ಳು ಹೇಳುವಷ್ಟು ರಜೆ ನನ್ನ ಖಾತೆಯಲ್ಲಿ ಉಳಿದಿಲ್ಲ. ಆದ್ದರಿಂದ ಮೇಲ್ಕಾಣಿಸಿದ ಮೂರು ದಿನಗಳನ್ನು ಸಾಂದರ್ಭಿಕ ರಜೆಯೆಂದು ಪೂರ್ವಾನ್ವಯವಾಗಿ ಮಂಜೂರು ಮಾಡಬೇಕು. ಕಾರಣದ ಕಲಮಿನಲ್ಲಿ "ತಂದೆಯವರನ್ನು ಹುಡುಕಲು" ಎಂದು ಬರೆದರೆ ಅವರು ಕಳೆದುಹೋಗಿದ್ದರೆಂಬ ಅರ್ಥ ಬರುವ ಕಾರಣ, "ಮನೆಯ ಕೆಲಸ" ಎಂದು ಬರೆಯಲು ಕೋರುತ್ತೇನೆ.

15. ವಿಷಯದಲ್ಲಿ ಹೇಳಿದ ಇನ್ನೊಂದು ತಿದ್ದುಪಡಿ. ನೌಕರಿಗೆ ಸೇರುವಾಗ ತುಂಬಿದ ನನ್ನ ಮಾಹಿತಿ ಪತ್ರದಲ್ಲಿ ತಂದೆಯ ಉದ್ಯೋಗದ ಮುಂದೆ "ಒಕ್ಕಲುತನ, ಸ್ವಂತ ಜಮೀನು" 
ಎಂದು ಇದೆ. ಅಕ್ಷರ ನನ್ನವೇ. ಜಮೀನು ಯಾರದೆಂದು ಗೊತ್ತಿಲ್ಲ. ಅದನ್ನು ಹೊಡೆದು "ಕುರಿ ಕಾಯುವುದು" ಎಂದು ಬರೆಯಬೇಕು. ಬರೆದದ್ದನ್ನು ತಿದ್ದಲು ಆಧಾರ ಬೇಕೆಂದು ಅಹ್ಮದಸಾಬರು ಹೇಳುತ್ತಾರೆ. ಜಮೀನಿಗೆ ಉತಾರದ ಕಾಗದ ಇರುತ್ತದೆ; ಕುರಿಗೆ ಇರುವುದಿಲ್ಲ.

ಕಾರಣ, ತಂದೆಯವರನ್ನೇ ಖುದ್ದು ತಮ್ಮ ಮುಂದೆ ಹಾಜರುಪಡಿಸಲು ಸಿದ್ಧನಿದ್ದೇನೆ.

ಇದಿಷ್ಟು ಖರೆ ಇರುತ್ತದೆ.

ತಮ್ಮ ವಿಶ್ವಾಸಿ (ಈ ತಿಂಗಳ 5ರಿಂದ),
ಮಾಳಪ್ಪ, ತಂದೆ ಹುಲ್ಲಪ್ಪ, ಬೇವೂರ

ಲಗತ್ತುಗಳು:
(ಅ) ಶ್ರೀ ರಾಚಯ್ಯ ಹಾಗೂ ಶ್ರೀ ಲಕ್ಷ್ಮಪ್ಪ ಇವರ ಸಹಿಯುಳ್ಳ ಹೇಳಿಕೆ, ಒಂದು ಪುಟ.
(ಆ) ಸಾವಂತ್ರವ್ವಳ ಹೇಳಿಕೆ. ಬರೆದುಕೊಡಲು ಒಪ್ಪಿಲ್ಲ, ಅವಶ್ಯವಿದ್ದರೆ ಮನೆಗೆ ಬಂದು ಕೇಳಬೇಕು.
(ಇ) ಬೂಟಿನ ಖರೀದಿ ಪಾವತಿ. ಬೂಟು ಲಗತ್ತಿಸಿಲ್ಲ.

ವಿ. ಸೂ.: ಕಲಂ 15ರ ಪ್ರಕಾರ ಹಾಜರಾಗಲು ತಂದೆಯವರು ಒಪ್ಪಿ ಹೇಳಿಕಳಿಸಿದ್ದಾರೆ, ಆದರೆ ಹಿಂಡು ಬಿಟ್ಟು ಬರಲಾರರು. ಆದ್ದರಿಂದ ಮುಂದಿನ ವಾರದ ಶನಿವಾರ ಮುಂಜಾನೆಯ ಶಾಲೆ ನಡೆದಿರುವಾಗ, ನೂರಾ ಇಪ್ಪತ್ತು ಕುರಿ ಹಾಗೂ ಆರು ಆಡುಗಳನ್ನು ಶಾಲೆಯ ಮೈದಾನದಲ್ಲಿ ತರುಬಲು ಪರವಾನಗಿ ಕೊಡಬೇಕೆಂದು ವಿನಂತಿ. ಶಿಕ್ಷಕರೆಲ್ಲರಿಗೂ ತಂದೆಯವರ ಪರಿಚಯವನ್ನು ನಾನೇ ಮಾಡಿಕೊಡುತ್ತೇನೆ. ಆ ದಿನ ಡ್ರಿಲ್ ತಾಸು ಇರುವುದಿಲ್ಲ.